ಕೊಂಬಿನಲ್ಲಿ ಚಿಗುರಿದ ಕಾಡು

ಜಿಂಕೆಯ ಕೊಂಬು ಕವಲೊಡೆದು ಮರವಾಗುತ್ತದೆ. ಆ ಮರದಲ್ಲಿ ಹಕ್ಕಿಗಳು ಬಂದು ಕೂರುತ್ತವೆ. ಪ್ರಾಣಿ ಎಲ್ಲಿ ಮುಗಿಯಿತು, ಕಾಡು ಎಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಚಿತ್ರಕಾರ ಜನಗಢ ಸಿಂಗ್ ಶ್ಯಾಮರ ಲೋಕವೇ ಅಂಥದು.

ಮಧ್ಯಪ್ರದೇಶದ ಪಾಟನಗಢದ ಈ ಕಲಾವಿದರು ಗೊಂಡರ ಗಾಯಕಕುಲವಾದ ಪರಧಾನರಲ್ಲಿ ಹುಟ್ಟಿದವರು. ಸಾಜಾ, ಎಂದರೆ ನಮ್ಮ ಮತ್ತಿಯ ಮರದಡಿ ಬಾನಾ ವಾದ್ಯವನ್ನು ನುಡಿಸಿ, ಬಡಾದೇವನನ್ನು ಹಾಡಿ ಎಚ್ಚರಿಸುವುದು ಆ ಕುಲದ ವೃತ್ತಿ. ಹಾಡಿಗೆ ಆಶ್ರಯ ತಪ್ಪಿದರೆ ದೇವರಿಗೆ ನೆಲೆಯೆಲ್ಲಿ? ಜನಗಢರು ಚುಕ್ಕಿಗೆರೆಗಳಿಂದ ಕಾಗದದ ಮೇಲೆ ಆ ನೆಲೆಯನ್ನು ಒದಗಿಸಿದರು.

ಜೆ. ಸ್ವಾಮಿನಾಥನ್ನರ ಬಳಗ ಅವರನ್ನು ಗುರುತಿಸಿ ಭೋಪಾಲದ ಭಾರತ ಭವನಕ್ಕೆ ಕರೆತಂದಿತು. 1989ರಲ್ಲಿ ಪ್ಯಾರಿಸ್ ನಗರವೂ ಅವರ ಚಿತ್ರಗಳನ್ನು ಕಂಡಿತು. ಕಾಡನ್ನು ಹಾಡಿದ ಆ ಜೀವ 2001ರಲ್ಲಿ ದೂರದ ಜಪಾನಿನಲ್ಲಿ ಅಕಾಲದಲ್ಲಿ ಅಳಿಯಿತು. ಆದರೆ ಬಂಧುಬಳಗದ ಕೈಗಳಲ್ಲಿ ‘ಜನಗಢ ಕಲಮ್’ ಇಂದಿಗೂ ಚಿಗುರುತ್ತಲೇ ಇದೆ.