ಸ್ಕ್ಯಾನ್ ನಾರ್ಮಲ್, ಆದರೂ ತಲೆನೋವು!

ಕೊಯ್ಲು ಮುಗಿದ ಗದ್ದೆಯಲ್ಲಿ ಕ್ರಿಕೆಟ್ ಆಡುವುದು ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಹುಡುಗರಿಗೆ ಹೊಸತೇನಲ್ಲ. ಕಳೆದ ವರ್ಷ ಒಂದೇ ಕ್ಯಾಚಿಗೆ ಓಡಿದ ಇಬ್ಬರ ತಲೆ ಢಿಕ್ಕಿಯಾಗಿ ನನ್ನ ಹದಿಮೂರರ ಮಗ ಮನೆಗೆ ಬಂದ. ರಕ್ತ ಇಲ್ಲ, ಗಾಯ ಇಲ್ಲ. "ಎಂತ ಆಯ್ಲಿಲ್ಲ ಅಮ್ಮ" ಅಂದ. ಹತ್ತು ನಿಮಿಷದಲ್ಲಿ ಒಂದೇ ಪ್ರಶ್ನೆ ಮೂರು ಸಲ ಕೇಳಿದ. ಆಮೇಲೆ ವಾಂತಿ. ಆಸ್ಪತ್ರೆಗೆ ಓಡಿದೆವು.

ಸಿ.ಟಿ. ಸ್ಕ್ಯಾನ್ ನಾರ್ಮಲ್. ವೈದ್ಯರು ಇದು 'ಕನ್‌ಕಷನ್' ಎಂದರು. ಪೆಟ್ಟಿನ ರಭಸಕ್ಕೆ ಮಿದುಳು ಅಲುಗಾಡಿ, ಅದರ ಕೆಲಸ ಸ್ವಲ್ಪ ಕಾಲ ಏರುಪೇರಾಗುವುದು. ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲ. ನಾನು ಎಡವಿದ್ದು ಇಲ್ಲೇ. ವಾರದ ನಂತರ ಗಣಿತದ ಪುಸ್ತಕ ಬಿಚ್ಚಿದ ಕೂಡಲೇ ತಲೆನೋವು ಅಂದಾಗ, "ನಾಟಕ ಸಾಕು" ಅಂದುಬಿಟ್ಟೆ. ಅವನು ಅತ್ತದ್ದು ಇನ್ನೂ ಕಣ್ಣಲ್ಲಿದೆ. ಬೆಳಕು, ಗಲಾಟೆ ಸಹಿಸದಿರುವುದು, ಸಿಡುಕು, ಮರೆವು ಎಲ್ಲವೂ ಇದರ ಲಕ್ಷಣಗಳೇ.

ಪಕ್ಕದ ಮನೆ ಅಜ್ಜಿ "ಮನಿಕಂಬುಕೆ ಬಿಡ್ಬೇಡಿ" ಅಂದಿದ್ದರು. ವೈದ್ಯರು ಪರೀಕ್ಷಿಸಿ ಮನೆಗೆ ಕಳಿಸಿದ ಮೇಲೆ ಮಗು ಮಲಗಬಹುದು, ಮಲಗಬೇಕು ಕೂಡ. ಆದರೆ ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಕೈಕಾಲು ಬಲ ಕಳೆದುಕೊಂಡರೆ, ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಕಾಲ ಹೋಯಿತು. 2022ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರ ಪ್ರಕಾರ ಮೊದಲ ಒಂದೆರಡು ದಿನ ಹಗುರ ವಿಶ್ರಾಂತಿ ಸಾಕು. ಆ 48 ಗಂಟೆ ಮೊಬೈಲ್, ಟಿ.ವಿ. ಕಡಿಮೆ ಇರಲಿ (ನಮ್ಮ ಮನೆಯಲ್ಲಿ ಇದೇ ದೊಡ್ಡ ಯುದ್ಧ!). ನಂತರ ನಿಧಾನ ನಡಿಗೆ. ನಾವು ಸಂಜೆ ಕೋಡಿ ಕಡಲತೀರಕ್ಕೆ ಹೋಗುತ್ತಿದ್ದೆವು. ಶಾಲೆಗೆ ಮೊದಲು ಅರ್ಧ ದಿನ ಕಳಿಸಿದೆ. ಟೆಸ್ಟ್ ಮುಂದೂಡುವಂತೆ ಟೀಚರನ್ನು ಕೇಳಿಕೊಂಡೆ. ತೊಂದರೆ ಹೆಚ್ಚಾದ ದಿನ ಒಂದು ಹೆಜ್ಜೆ ಹಿಂದೆ.

ಕಷ್ಟವಾದದ್ದು ಆಟ ಬಿಡಿಸುವುದು. ಮೊದಲ ಪೆಟ್ಟು ಮಾಗುವ ಮುಂಚೆ ಇನ್ನೊಂದು ಬಿದ್ದರೆ ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ವೈದ್ಯರ ಒಪ್ಪಿಗೆ ಇಲ್ಲದೆ ಬ್ಯಾಟ್ ಮುಟ್ಟುವಂತಿಲ್ಲ. ಟೂರ್ನಮೆಂಟ್ ತಪ್ಪಿತೆಂದು ಮೂರು ದಿನ ಮಾತು ಬಿಟ್ಟ. ಕೊನೆಗೆ ನೆರವಿಗೆ ಬಂದವನು ಜಡೇಜಾ! 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ಹೆಲ್ಮೆಟ್‌ಗೆ ಚೆಂಡು ಬಡಿದಾಗ ಅವನನ್ನು ಕೂರಿಸಿ ಚಾಹಲ್‌ನನ್ನು ಇಳಿಸಿದ್ದರು, ಅವನು ಮೂರು ವಿಕೆಟ್ ಕಿತ್ತ. "ಜಡೇಜಾನೇ ಕೂತಿದ್ದಾನೆ, ನಿಂದೆಂತ?" ಅಂದೆ. ನಕ್ಕ.

ನಾಲ್ಕನೇ ವಾರ ಸ್ಕೋರ್ ಬರೆಯಲು ಗದ್ದೆಗೆ ಹೋದ. ಈಗ ಆಡುತ್ತಾನೆ. ಕ್ಯಾಚಿಗೆ ಓಡುವಾಗ "ನಂದ್!" ಎಂದು ಕೂಗುವುದು ನನಗೆ ಅಡುಗೆಮನೆವರೆಗೂ ಕೇಳಿಸುತ್ತದೆ.