ಲಾರಿ ಕೊಳ್ಳುವ ಮುನ್ನ

ಅಕ್ಕಿ ಕೊಳ್ಳುವಾಗ ನಾಲ್ಕು ಕಾಳನ್ನು ಅಂಗೈಯಲ್ಲಿ ಹಿಡಿದು ನೋಡುವ ಗೃಹಸ್ಥನು, ಮನೆಯ ಪತ್ರವನ್ನೇ ಅಡವಿಟ್ಟು ಲಾರಿ ಕೊಳ್ಳುವಾಗ ಆ ಜಾಗರೂಕತೆಯನ್ನು ಮರೆತುಬಿಡುವುದುಂಟು. ಪಕ್ಕದ ಮಂಡಿಯವರು ಕೊಂಡ ಗಾಡಿಯೇ ತನಗೂ ಆದೀತೆಂಬ ಭರವಸೆ. ಇಲ್ಲವೆ ಮಾರಾಟಗಾರನ ಸವಿಮಾತು. ಬಾಡಿಗೆ ಸಿಗಲಿ ಬಿಡಲಿ, ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಹಿಂದೆ ಆಯ್ಕೆಯ ತೊಡಕು ಇಷ್ಟಿರಲಿಲ್ಲ. 1954ರಲ್ಲಿ ಜಮ್ಶೆಡ್‌ಪುರದಲ್ಲಿ ಟಾಟಾ ಸಂಸ್ಥೆಯು ಜರ್ಮನಿಯ ಬೆನ್ಜ್ ಕಂಪೆನಿಯ ಸಹಯೋಗದಿಂದ ಲಾರಿ ತಯಾರಿಸತೊಡಗಿತು. ಮದರಾಸಿನ ಬಳಿಯ ಎಣ್ಣೂರಿನಿಂದ ಲೇಲ್ಯಾಂಡ್ ಬರುತ್ತಿತ್ತು. ಬಹುಮಟ್ಟಿಗೆ ಅದು, ಇಲ್ಲವೆ ಇದು. 1998ರಲ್ಲಿ ನಮ್ಮ ಹೊಸಕೋಟೆಯಲ್ಲಿಯೇ ವೋಲ್ವೊ ಲಾರಿಗಳ ತಯಾರಿಕೆ ಆರಂಭವಾಯಿತು. ಈಗಂತೂ ಆರು ಚಕ್ರದ್ದು, ಹತ್ತು ಚಕ್ರದ್ದು, ಟಿಪ್ಪರ್, ಟ್ರೇಲರ್ ಎಂದು ನೋಡಿದಷ್ಟೂ ಬಗೆ.

ಹೀಗಿರುವಲ್ಲಿ ಮೊದಲು ಕೇಳಿಕೊಳ್ಳಬೇಕಾದುದು, ಹೊರಬೇಕಾದ ಸರಕು ಯಾವುದು ಎಂಬುದನ್ನು. ದಾವಣಗೆರೆಯ ಮಂಡಕ್ಕಿಯಿಂದ ಲಾರಿ ತುಂಬಿ ತುಳುಕಿದರೂ ತೂಕ ಬಾರದು. ಸಿಮೆಂಟು, ಕಬ್ಬಿಣಗಳಾದರೋ ಅರ್ಧ ಜಾಗ ಬರಿದಿರುವಾಗಲೇ ತೂಕದ ಮಿತಿ ಮುಟ್ಟಿಬಿಡುತ್ತವೆ. ಮೊದಲಿನದಕ್ಕೆ ಉದ್ದನೆಯ ಬಾಡಿ ಬೇಕು. ಎರಡನೆಯದಕ್ಕೆ ಹೆಚ್ಚು ಚಕ್ರ ಬೇಕು.

ಆ ಮಿತಿಯನ್ನು ಕೇಂದ್ರ ಸರ್ಕಾರ 2018ರಲ್ಲಿ ಏರಿಸಿತು. ಅದರಂತೆ ಆರು ಚಕ್ರದ ಲಾರಿಗೆ 18.5 ಟನ್, ಹತ್ತು ಚಕ್ರದ್ದಕ್ಕೆ 28.5 ಟನ್. ಇದು ಬರಿಯ ಸರಕಿನ ತೂಕವಲ್ಲ, ಗಾಡಿಯ ಸ್ವಂತ ತೂಕವೂ ಇದರಲ್ಲಿಯೇ ಸೇರಿದೆಯೆಂಬುದನ್ನು ಹೊಸಬರು ಗಮನಿಸುವುದಿಲ್ಲ. ಗಾಡಿಯೇ 9 ಟನ್ ತೂಗಿದರೆ ಹತ್ತು ಚಕ್ರದ ಲಾರಿಯಲ್ಲಿ ಸರಕಿಗೆ ಉಳಿಯುವುದು ಹತ್ತೊಂಬತ್ತೂವರೆ ಟನ್. ಅಂದಕ್ಕೆಂದು ಮರ, ತಗಡು, ಕಬ್ಬಿಣಗಳನ್ನು ಹೇರಿ ಬಾಡಿ ಕಟ್ಟಿಸಿ ಒಂದು ಟನ್ ಹೆಚ್ಚಿಸಿಕೊಂಡವನು ಪ್ರತಿ ಸವಾರಿಯಲ್ಲಿಯೂ ಒಂದು ಟನ್ ಬಾಡಿಗೆಯನ್ನು ಕಳೆದುಕೊಂಡಂತೆ.

ಮಿತಿ ಮೀರಿ ಹೇರಿ ಆ ನಷ್ಟವನ್ನು ತುಂಬಿಕೊಳ್ಳುವ ಚಪಲವೂ ಒಳ್ಳೆಯದಲ್ಲ. 2019ರ ತಿದ್ದುಪಡಿಯ ಮೇರೆಗೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೂ 2,000. ಐದು ಟನ್ ಹೆಚ್ಚಿಗೆ ಹೇರಿ ಸಿಕ್ಕಿಬಿದ್ದರೆ 30,000 ರೂಪಾಯಿ ಹೋಯಿತು. ಹೆಚ್ಚಿನ ಸರಕನ್ನು ಇಳಿಸುವ ಖರ್ಚು ಬೇರೆ.

ಇನ್ನು ದಾರಿ. ಬಯಲುಸೀಮೆಯಲ್ಲಿ ಸಲೀಸಾಗಿ ಓಡುವ ಗಾಡಿ ಸಕಲೇಶಪುರ ದಾಟಿ ಶಿರಾಡಿ ಘಟ್ಟಕ್ಕಿಳಿದಾಗ ತನ್ನ ನಿಜವಾದ ಗುಣವನ್ನು ತೋರಿಸುತ್ತದೆ. ಏರುವಾಗ ಬೇಕಾದುದು ವೇಗವಲ್ಲ, ಕೆಳಗಿನ ಗೇರಿನಲ್ಲಿ ಎಳೆಯುವ ಬಲ. ಇಳಿಯುವಾಗಲಂತೂ ಬ್ರೇಕನ್ನೇ ಒತ್ತುತ್ತ ಹೋದರೆ ಅದು ಕಾದು ಹಿಡಿತ ತಪ್ಪುವುದು. ಎಂಜಿನ್ನಿನ ತಡೆಯಿಂದಲೇ ಓಟವನ್ನು ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಚೆನ್ನಾಗಿ ಕೆಲಸ ಮಾಡುವುದೇ ಎಂಬುದನ್ನು ಅಂಗಡಿಯ ಅಂಗಳದಲ್ಲಿ ತಿಳಿಯಲಾಗದು. ತುಂಬಿದ ಗಾಡಿಯನ್ನು ಘಟ್ಟದಲ್ಲಿ ಓಡಿಸಿದ ಚಾಲಕರಿಬ್ಬರನ್ನು ಕಂಡು ವಿಚಾರಿಸಬೇಕು.

ಡೀಸೆಲಿನದು ಪ್ರತ್ಯೇಕ ಕಥೆ. ತಿಂಗಳಿಗೆ 6,000 ಕಿಲೋಮೀಟರು ಓಟವೆಂದಿಟ್ಟುಕೊಳ್ಳೋಣ. ಲೀಟರಿಗೆ 4 ಕಿಲೋಮೀಟರು ಓಡುವ ಗಾಡಿಗೆ 1,500 ಲೀಟರು ಬೇಕು. ಮೂರೂವರೆ ಓಡುವುದಕ್ಕೆ 1,714. ಲೀಟರಿಗೆ 90 ರೂಪಾಯಿ ಹಿಡಿದರೂ ತಿಂಗಳಿಗೆ 19,000 ರೂಪಾಯಿಗೂ ಮೀರಿದ ಅಂತರ! ಕೊಳ್ಳುವ ದಿನ ಲಕ್ಷ ರೂಪಾಯಿ ಕಡಮೆಗೆ ಸಿಕ್ಕಿತೆಂದು ಹಿಗ್ಗಿದವನ ಸಂತೋಷ ಆರು ತಿಂಗಳೊಳಗೆ ಹೊಗೆಯಾಗಿ ಹೋಗುತ್ತದೆ. 2020ರ ಏಪ್ರಿಲಿನಿಂದೀಚೆಗಿನ ಬಿ.ಎಸ್. 6 ಲಾರಿಗಳಲ್ಲಿ ಹೊಗೆ ಶುದ್ಧಿಗಾಗಿ ಯೂರಿಯಾ ದ್ರಾವಣದ ಖರ್ಚನ್ನೂ ಸೇರಿಸಿಕೊಳ್ಳಬೇಕು.

ದುರಸ್ತಿಯ ಮಾತೂ ಇದೆ. ನಡುದಾರಿಯಲ್ಲಿ ನಿಂತ ಲಾರಿ ದುಡಿಯುವುದಿಲ್ಲ, ಕಂತು ಮಾತ್ರ ನಿಲ್ಲುವುದಿಲ್ಲ. ಬಿಡಿಭಾಗಕ್ಕೆ ಬೆಂಗಳೂರಿನಿಂದ ದಾರಿ ಕಾಯಬೇಕಾದ ಉತ್ತಮ ಗಾಡಿಗಿಂತ, ಹಾಸನದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಸಂಜೆಯೊಳಗೆ ಸರಿಯಾಗುವ ಸಾಧಾರಣ ಗಾಡಿಯೇ ಎಷ್ಟೋ ವೇಳೆ ಮೇಲು.

ಕಡೆಯದಾಗಿ, ಅದರಲ್ಲಿ ಹಗಲಿರುಳು ಕುಳಿತಿರಬೇಕಾದವನು ಯಜಮಾನನಲ್ಲ, ಚಾಲಕ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಆದರೆ ಹಳೆಯ ಗಾಡಿ ಕೊಳ್ಳುವವರಿಗೆ ಈ ಅನುಕೂಲ ಸಿಗುವುದೆಂಬ ಖಾತರಿಯಿಲ್ಲ. ಮುಂಗಡ ಕೊಡುವ ಮುನ್ನ ಚಾಲಕನನ್ನೇ ಕರೆದೊಯ್ದು ಅವನ ಕೈಯಲ್ಲಿ ಗಾಡಿ ಓಡಿಸಿ ನೋಡುವ ಯಜಮಾನರು ಕೆಲವರಿದ್ದಾರೆ. ಕ್ಲಚ್ಚು ಬಿಗಿಯೆಂದು ಅವನು ತಲೆಯಾಡಿಸಿದರೆ, ಅವರು ಬಣ್ಣವನ್ನೂ ನೋಡದೆ ಮುಂದಿನ ಅಂಗಡಿಗೆ ನಡೆಯುತ್ತಾರೆ.