‘ಲೋ’ ಎಂಬ ಹಸುವಿನ ಕೂಗು

ಆಂಗ್ಲಭಾಷೆಯಲ್ಲಿ ಬರೆವಣಿಗೆಯೂ ಉಚ್ಚಾರಣೆಯೂ ಒಂದೇ ಆಗಿ, ಅರ್ಥ ಮಾತ್ರ ಬೇರೆಯಾದ ಶಬ್ದಗಳು ಹಲವುಂಟು. ‘ಲೋ’ ಎಂಬುದು ಅಂಥದೊಂದು. ತಗ್ಗು, ಕೆಳಗು ಎಂಬರ್ಥದ ‘ಲೋ’ ಶಬ್ದವನ್ನು ಮಕ್ಕಳು ಮೊದಲ ತರಗತಿಗಳಲ್ಲಿಯೇ ಕಲಿಯುತ್ತಾರೆ. ಹಸು ಕೂಗುವುದನ್ನು ಹೇಳುವ ಮತ್ತೊಂದು ‘ಲೋ’ ಉಂಟೆಂಬುದನ್ನು ಅನೇಕರು ಅರಿಯರು. ಇವೆರಡಕ್ಕೂ ಹುಟ್ಟಿನ ಸಂಬಂಧವಿಲ್ಲ. ಮೊದಲನೆಯದು ಉತ್ತರ ಯೂರೋಪಿನ ನಾರ್ಸ್ ಭಾಷೆಯಿಂದ ಬಂದುದು. ಎರಡನೆಯದು ಪ್ರಾಚೀನ ಆಂಗ್ಲದ ‘ಹ್ಲೋವಾನ್’ ಎಂಬ ಕ್ರಿಯಾಪದ. ಕೂಗಿ ಕರೆಯುವುದೆಂಬರ್ಥದ ಲ್ಯಾಟಿನ್ ಶಬ್ದ ‘ಕ್ಲಾಮಾರೆ’ ಇದಕ್ಕೆ ಜ್ಞಾತಿ.

ಶಿಶುಗಳ ಪುಸ್ತಕದಲ್ಲಿ ಬರುವ ‘ಮೂ’ ಎಂಬುದು ಧ್ವನಿಯ ಅನುಕರಣ. ‘ಲೋ’ ಎಂಬುದಾದರೋ ಗ್ರಂಥಸ್ಥವಾದ ಮಾತು. ಗೂಳಿಯ ಗುಟುರಿಗೆ ‘ಬೆಲ್ಲೋ’ ಎಂದು ಬೇರೆಯೇ ಶಬ್ದವುಂಟು. ನಮ್ಮಲ್ಲಿಯೂ ಕುದುರೆ ಕೆನೆಯುತ್ತದೆ, ಆನೆ ಘೀಳಿಡುತ್ತದೆ. ಇವನ್ನು ಅದಲುಬದಲು ಮಾಡಿದರೆ ಕೇಳಿದವರು ನಕ್ಕಾರು.

ಅರ್ಥ ತಪ್ಪಿದರೆ ಆಗುವ ನಷ್ಟವೇನೆಂಬುದಕ್ಕೆ ಒಂದು ಉದಾಹರಣೆ. 1611ರಲ್ಲಿ ಅಚ್ಚಾದ ಆಂಗ್ಲ ಬೈಬಲ್ಲಿನಲ್ಲಿ, ಸಮುವೇಲನ ಮೊದಲ ಗ್ರಂಥದೊಳಗೆ ಒಂದು ಕಥೆ ಬರುತ್ತದೆ. ನೊಗವನ್ನೇ ಕಾಣದ ಎರಡು ಕರೆಯುವ ಹಸುಗಳನ್ನು, ಅವುಗಳ ಕರುಗಳನ್ನು ಮನೆಯಲ್ಲಿ ಕೂಡಿಹಾಕಿ, ದೇವರ ಮಂಜೂಷವಿದ್ದ ಬಂಡಿಗೆ ಹೂಡುತ್ತಾರೆ. ಅವು ಎಡಬಲಕ್ಕೆ ತಿರುಗದೆ, ದಾರಿಯುದ್ದಕ್ಕೂ ‘ಲೋ’ ಎನ್ನುತ್ತ ಸಾಗುತ್ತವೆ. ಇಲ್ಲಿ ‘ತಗ್ಗು’ ಎಂದು ಅರ್ಥಮಾಡಿದ ಬಾಲಕನಿಗೆ ತಲೆತಗ್ಗಿಸಿ ನಡೆವ ಹಸುಗಳು ಕಂಡಾವೇ ಹೊರತು, ಕರುವನ್ನಗಲಿದ ತಾಯಿಯ ಮೊರೆ ಕೇಳಿಸದು. ಕಥೆಯ ಜೀವವೇ ಹೋದಂತಾಯಿತು.

ಇದು ಕೇವಲ ಕವಿಕಲ್ಪನೆಯೆಂದು ತಿಳಿಯಲಾಗದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ವಿದ್ವಾಂಸರು ಇತರರೊಡಗೂಡಿ ನಡೆಸಿ 2015ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ, ಕರು ಹತ್ತಿರವಿದ್ದಾಗ ಹಸು ಮಂದ್ರಸ್ವರದಲ್ಲಿ ಕರೆಯುವುದೆಂದೂ, ಕಣ್ಣಿಗೆ ಕಾಣದಾದಾಗ ತಾರಸ್ವರದಲ್ಲಿ ಕೂಗುವುದೆಂದೂ, ಒಂದೊಂದು ಹಸುವಿನ ದನಿಯೂ ಬೇರೆಬೇರೆಯೆಂದೂ ತಿಳಿದುಬಂದಿತು. ಹಸುವನ್ನು ಸಾಕಿದ ಗೃಹಿಣಿಯರಿಗೆ ಇದು ಹೊಸ ಸಂಗತಿಯಲ್ಲ. ಕೊಟ್ಟಿಗೆಯ ಕೂಗು ಹಸಿವಿನದೋ ಕರುವಿನ ಹಂಬಲದ್ದೋ ಎಂಬುದನ್ನು ಅವರು ಒಲೆಯ ಮುಂದೆ ಕುಳಿತೇ ಹೇಳಬಲ್ಲರು.

ಸಂಸ್ಕೃತದಲ್ಲಿ ಹಸುವಿನ ಕೂಗಿಗೆ ‘ಹಂಭಾ’ ಎಂದು ಹೆಸರು. ಕನ್ನಡಿಗರ ಕಿವಿಗೆ ಅದು ‘ಅಂಬಾ’ ಎಂದು ಕೇಳಿಸುತ್ತದೆ, ಅಂಬೆಯೆಂದರೆ ತಾಯಿ. ಆಂಗ್ಲರ ಶಬ್ದದ ಮೂಲದಲ್ಲಿ ಕರೆಯಿದೆ, ನಮ್ಮದರಲ್ಲಿ ಕರೆಯಿಸಿಕೊಳ್ಳುವವಳೇ ಇದ್ದಾಳೆ. ಮಕ್ಕಳಿಗೆ ‘ಮೂ’ ಕಲಿಸುವ ತಾಯಂದಿರು ಈ ಎರಡನ್ನೂ ಜೊತೆಗೆ ಹೇಳಿಕೊಟ್ಟರೆ, ಶಬ್ದದೊಡನೆ ಅದರೊಳಗಣ ಕರುಳೂ ಮಕ್ಕಳಿಗೆ ತಿಳಿದೀತೆಂದು ನಾವು ನಂಬುತ್ತೇವೆ.